ಕಳಿಸಿದವರ ಹೆಸರು

ನಾನು ಒಂದು ಲಿಂಕು. ಫೋನಿನ ಪರದೆಯ ಮೇಲೆ ನೀಲಿ ಬಣ್ಣ ಬಳಿದುಕೊಂಡು, ಅಡಿಗೆರೆ ಎಳೆದುಕೊಂಡು ನಿಂತಿರುತ್ತದಲ್ಲ, ಆ ಒಂದು ಸಾಲು. ನನಗೆ ಕೈಯಿಲ್ಲ, ಕಾಲಿಲ್ಲ. ಆದರೆ ಕೂತಲ್ಲಿ ಕೂರುವ ಜಾಯಮಾನವೂ ನನ್ನದಲ್ಲ. ಯಾರಾದರೂ ಬೆರಳಿಟ್ಟರೆ ಸಾಕು, ಎದ್ದೆನೋ ಬಿದ್ದೆನೋ ಎಂದು ಓಡುತ್ತೇನೆ. ಅವರನ್ನು ಅಂಗಡಿಯ ಬಾಗಿಲಿಗೆ ಮುಟ್ಟಿಸಿ, ‘ಇವರನ್ನು ಕಳಿಸಿದವರು ಇಂಥವರು’ ಎಂದು ಅಂಗಡಿಯವರ ಕಿವಿಯಲ್ಲಿ ಒಂದು ಹೆಸರು ಹೇಳಿ ಬರುವುದು ನನ್ನ ಕೆಲಸ. ಇದರಲ್ಲೇನು ಕಥೆ ಎಂದು ಮೂಗು ಮುರಿಯಬೇಡಿ. ಆ ಒಂದು ಹೆಸರಿಗಾಗಿ ನಾನು ಪಟ್ಟ ಸಂಕಟ ನನಗೇ ಗೊತ್ತು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ‘ಸೂಜಿದಾರ’ ಎಂಬ ಅಂಗಡಿಯ ಆಫೀಸು ಅದು. ಕಸೂತಿಯ ಬಟ್ಟೆ, ದಾರ, ಸೂಜಿ ಎಲ್ಲವನ್ನೂ ಜನ ಫೋನಿನಲ್ಲೇ ನೋಡಿ ತರಿಸಿಕೊಳ್ಳುವ ಅಂಗಡಿ. ಅಲ್ಲಿ ಲಿಂಕುಗಳ ಉಸ್ತುವಾರಿ ವಿನುತಾ ಕಬ್ಬೂರ ಎಂಬ ಹುಡುಗಿಯದು. ಎಡಗೈಯಲ್ಲಿ ಗಿರಮಿಟ್ಟು ಮಂಡಕ್ಕಿಯ ಪೊಟ್ಟಣ ಹಿಡಿದು, ಬಲಗೈಯ ಒಂದೇ ಬೆರಳಿನಿಂದ ಅವಳು ನನ್ನನ್ನು ಕುಟ್ಟಿದಳು. ಮೊದಲು ಅಂಗಡಿಯ ಹೆಸರು, ಆಮೇಲೆ ಒಂದು ಓರೆಗೆರೆ, ಕೊನೆಗೆ ‘ಪ್ರೇಮಕ್ಕ’. ಮುಗಿಯಿತು. ಆಗಿನ ಲಿಂಕುಗಳ ನಮೂನೆಯೇ ಹಾಗೆ, ಒಂದು ಬಾಗಿಲು, ಒಂದು ಹೆಸರು. ಯಾರೇ ಒತ್ತಲಿ, ಎಲ್ಲಿಂದಲೇ ಒತ್ತಲಿ, ಅಂಗಡಿಯ ಮುಂಬಾಗಿಲಿಗೆ ಕರೆದೊಯ್ದು ‘ಪ್ರೇಮಕ್ಕ ಕಳಿಸಿದ್ದು’ ಎನ್ನಬೇಕು. ಇನ್ನೊಂದು ಅಕ್ಷರ ಹೆಚ್ಚಿಗೆ ಹೇಳಲು ನನ್ನ ಮೈಯಲ್ಲಿ ಜಾಗವಿರಲಿಲ್ಲ.

ಹುಟ್ಟಿದ ಮರುಗಳಿಗೆಯಲ್ಲೇ ಧಾರವಾಡಕ್ಕೆ ಓಡಿದೆ. ಮಾಳಮಡ್ಡಿಯಲ್ಲಿ ಪ್ರೇಮಕ್ಕ ಹಂಚಿನಮನಿ ಎಂಬ ಹೆಂಗಸು ಮೂವತ್ತೊಂದು ವರ್ಷದಿಂದ ಪಡಸಾಲೆಯಲ್ಲಿ ಜಮಖಾನಿ ಹಾಸಿ ಕಸೂತಿ ಕಲಿಸುತ್ತಿದ್ದರು. ಅವರ ಫೋನಿಗೆ ನಾನು ಹೋಗಿ ಬಿದ್ದೆ. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೊಳದುದ್ದ ದೂರ ಹಿಡಿದು ಅವರು ನನ್ನನ್ನು ನೋಡಿದರು.

“ಏನವಾ ವಿನುತಾ, ಇದೇನ ನೀಲಿ ಗೆರಿ ಕಳಿಸೀದಿ? ನಾ ಏನ ಮಾಡಬೇಕ ಇದನ್ನ?” ಎಂದು ಆಗಲೇ ಫೋನಿನಲ್ಲಿ ಕೇಳಿದರು.

“ನಿಮ್ಮ ಕಡೆ ಕಲಿಯೋರಿಗೆಲ್ಲಾ ಹಂಚ್ರಿ ಅಕ್ಕಾರ. ಇದನ್ನ ಒತ್ತಿ ಬಂದೋರು ಏನರ ತಗೊಂಡ್ರ ಅದು ನಿಮ್ಮ ಹೆಸರಿಗೆ ಬರತೈತಿ. ಹತ್ತು ಮಂದಿಗೆ ಒಂದು ಕಟ್ಟು ದಾರ ನಾವು ನಿಮಗ ಕಳಸ್ತೇವ್ರಿ.”

ದಾರ ಎಂದೊಡನೆ ಪ್ರೇಮಕ್ಕ ಮೆತ್ತಗಾದರು. ಅವರ ಹತ್ತಿರ ಕಲಿಯುತ್ತಿದ್ದವರು ಹನ್ನೊಂದು ಹೆಂಗಸರು. ಬಂದ ದಾರವನ್ನು ಹನ್ನೊಂದು ಪಾಲು ಮಾಡಿ ಹಂಚುವುದೆಂದು ಅವತ್ತೇ ಹೇಳಿಬಿಟ್ಟರು. ಯಾರು ಎಷ್ಟು ಜನರನ್ನು ಕಳಿಸಿದರು ಎಂದು ಕೇಳುವ ಮಾತೇ ಇಲ್ಲ, ಪಂಕ್ತಿಯಲ್ಲಿ ಭೇದ ಮಾಡಬಾರದು ಎಂಬುದು ಅವರ ನ್ಯಾಯ.

ಆ ಪಡಸಾಲೆಯ ನೇಮಗಳನ್ನು ನಾನು ಜಮಖಾನಿಯ ಮೇಲೆ ಬಿದ್ದಿದ್ದ ಫೋನಿನೊಳಗಿನಿಂದಲೇ ಕೇಳಿ ಕಲಿತೆ. ಕಸೂತಿಗೆ ಪೆನ್ಸಿಲಿನಿಂದ ಗೀಚಿಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಯಾರಾದರೂ ಬಟ್ಟೆ ತೋರಿಸಿದರೆ ಪ್ರೇಮಕ್ಕ ಮೊದಲು ಅದನ್ನು ಮಗುಚುತ್ತಿದ್ದರು. “ಮಾರಿ ಎಲ್ಲಾರೂ ಚಂದ ಮಾಡ್ತಾರ, ಬೆನ್ನ ತೋರ್ಸು” ಎನ್ನುತ್ತಿದ್ದರು. ಇನ್ನೊಂದು ನೇಮವೂ ಇತ್ತು. ಹಾಕಿದವರು ತಮ್ಮ ಹೆಸರನ್ನು ಬಟ್ಟೆಯ ಮೇಲೆ ಎಲ್ಲಿಯೂ ಹಾಕಬಾರದು. ಒಮ್ಮೆ ಒಬ್ಬಾಕೆ ಸೆರಗಿನ ಮೂಲೆಯಲ್ಲಿ ತನ್ನ ಮೊದಲಕ್ಷರ ಹಾಕಿ ತಂದದ್ದಕ್ಕೆ, “ಗೋಪುರ ಹಾಕು, ತುಳಸಿಕಟ್ಟಿ ಹಾಕು, ನವಿಲ ಹಾಕು. ನಿನ್ನ ಹೆಸರ ಅಲ್ಲಿ ಹಾಕಿದ್ರ ಸೀರಿ ಉಟ್ಟಾಕಿ ಏನ ನಿನ್ನ ಜಾಹೀರಾತೇನ?” ಎಂದು ಬಿಚ್ಚಿಸಿದ್ದರು. ಅದೇ ನೇಮ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆಂದು ನನಗೇನು ಗೊತ್ತು!

ಹನ್ನೊಂದು ಹೆಂಗಸರ ಫೋನಿಗೆ ನಾನು ಹೋದೆ. ಸರೋಜಾ ಪಾಟೀಲ ಎಂಬಾಕೆ ನನ್ನನ್ನು ತನ್ನ ಬೀಗರ ಗುಂಪಿನಲ್ಲಿ, ಶುಭೋದಯದ ಗುಲಾಬಿಗಳ ನಡುವೆ ಹಾಕಿಟ್ಟಳು. ಎಂಟು ತಿಂಗಳು ಒಬ್ಬರೂ ಮುಟ್ಟಲಿಲ್ಲ. ಅಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮಿಕ್ಕವರ ಫೋನಿನಲ್ಲಿಯೂ ಹೆಚ್ಚು ಕಡಿಮೆ ಇದೇ ಗತಿ, ತಿಂಗಳಿಗೊಬ್ಬರೋ ಇಬ್ಬರೋ ಒತ್ತುತ್ತಿದ್ದರು.

ಆದರೆ ಹೆಬ್ಬಳ್ಳಿಯ ಫಕೀರವ್ವ ಬಾರಕೇರಳ ಫೋನು ಬೇರೆ. ಅಲ್ಲಿ ನನಗೆ ಉಸಿರಾಡಲು ಬಿಡುವಿರಲಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು, ಪ್ರತಿ ಶನಿವಾರ ಬಸ್ಸು ಹಿಡಿದು ಮಾಳಮಡ್ಡಿಗೆ ಬರುತ್ತಿದ್ದಳು. ಅವಳಿಗೆ ಟೈಪು ಮಾಡುವುದು ಬೇಸರ, ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು. ಊರಿನ ಮಹಿಳಾ ಸಂಘದ ಗುಂಪಿನಲ್ಲಿ ಯಾರೋ ಕಸೂತಿಯ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಇವಳು ಉತ್ತರ ಹೇಳಿದಳು. ಆ ಧ್ವನಿ ಅಲ್ಲಿಂದ ಬೈಲಹೊಂಗಲಕ್ಕೆ ಹೋಯಿತು, ಮುಂಡರಗಿಗೆ ಹೋಯಿತು, ಸಂಕೇಶ್ವರ ದಾಟಿ ಪುಣೆಯಲ್ಲಿರುವ ಕನ್ನಡದ ಹೆಂಗಸರವರೆಗೂ ಹೋಯಿತು.

“ಎಲ್ಲಾರಿಗೂ ನಮಸ್ಕಾರ್ರಿ, ನಾ ಹೆಬ್ಬಳ್ಳಿ ಫಕೀರವ್ವ. ಕೆಂಪ ದಾರ ತೊಳದ್ರ ಬಣ್ಣ ಬಿಡತೈತಿ ಅಂದ್ರೆಲ್ಲ, ಅದನ್ನ ಮೊದಲ ಉಪ್ಪಿನ ನೀರಾಗ ಒಂದ ತಾಸ ಇಡ್ರಿ. ಮ್ಯಾಲೆ ನೆಳ್ಳಾಗ ಒಣಗಸ್ರಿ. ಬಿಸಲಿಗೆ ಹಾಕೀರಿ ಮತ್ತ! ಸೀರಿ ಹರೀಬೇಕ, ಬಣ್ಣ ಹೋಗಬಾರದು, ಹಂಗ ಇರತೈತಿ ನೋಡ್ರಿ.” ಹಿಂದೆ ರೊಟ್ಟಿ ಬಡಿಯುವ ಸದ್ದು, ಎಮ್ಮೆ ಕೂಗುವ ಸದ್ದು. ಮಾತು ಮುಗಿದ ಮೇಲೆ ಕೆಳಗೆ ನನ್ನನ್ನು ಅಂಟಿಸುತ್ತಿದ್ದಳು.

ಜನ ಒತ್ತುತ್ತಿದ್ದರು, ನಾನು ಓಡುತ್ತಿದ್ದೆ. ಅಂಗಡಿಯ ಮುಂಬಾಗಿಲಲ್ಲಿ ನಿಂತು ‘ಪ್ರೇಮಕ್ಕ ಕಳಿಸಿದ್ದು’ ಎನ್ನುತ್ತಿದ್ದೆ. ಅಲ್ಲರೀ, ಅದು ಸುಳ್ಳಲ್ಲವೇ? ಮುಂಡರಗಿಯಿಂದ ನನ್ನನ್ನು ಒತ್ತಿದ ಒಬ್ಬ ನರ್ಸು ಪ್ರೇಮಕ್ಕನ ಮುಖ ಕಂಡವಳೇ ಅಲ್ಲ. ಅವಳು ಬಂದದ್ದು ಫಕೀರವ್ವನ ಮಾತು ಕೇಳಿ. ಅದು ನನಗೆ ಗೊತ್ತು, ನಾನು ಬಂದದ್ದೇ ಆ ಫೋನಿನಿಂದ. ಆದರೆ ಹೇಳುವುದು ಹೇಗೆ? ಬಾಯಲ್ಲಿ ಇದ್ದದ್ದು ಒಂದೇ ಹೆಸರು. ದಿನಕ್ಕೆ ನಾಲ್ಕು ಸಲ, ಐದು ಸಲ ಅದೇ ಸುಳ್ಳನ್ನು ಹೇಳಿ ಹೇಳಿ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಇನ್ನೊಂದು ಪೀಕಲಾಟವೂ ಇತ್ತು. ಫಕೀರವ್ವ ಹೇಳುವುದು ಒಂದು ಕೆಂಪು ದಾರದ ವಿಷಯ, ನಾನು ತಂದು ಬಿಡುವುದು ಐನೂರು ಸಾಮಾನು ತುಂಬಿದ ಮುಂಬಾಗಿಲಿಗೆ. ಬಂದವರು ಗುಂಡಿ, ಜಿಪ್ಪು, ಅಸ್ತರಿನ ನಡುವೆ ಕಳೆದುಹೋಗಿ, “ಎಲ್ಲೈತ್ರಿ ಆ ದಾರ?” ಎಂದು ಮತ್ತೆ ಅವಳನ್ನೇ ಕೇಳುತ್ತಿದ್ದರು. ಅವಳು ಬೇಸರವಿಲ್ಲದೆ, “ಮ್ಯಾಲಿಂದ ಮೂರನೇದು ಒತ್ರಿ, ಅಲ್ಲಿಂದ ಕೆಳಗ ಜಗ್ರಿ, ಇನ್ನೂ ಜಗ್ರಿ” ಎಂದು ದಾರಿ ಹೇಳುತ್ತಿದ್ದಳು.

ಫಕೀರವ್ವನ ಮನೆಯಲ್ಲಿ ಮಾತ್ರ ಇದು ಯಾರಿಗೂ ಕೆಲಸವಾಗಿ ಕಾಣಲಿಲ್ಲ. ಆ ಫೋನು ಅವಳದಲ್ಲ, ಮನೆಯದು. ತಂದುಕೊಟ್ಟವನು ಅವಳ ಗಂಡನ ಅಣ್ಣ ಯಲ್ಲಪ್ಪ. ಸಂಕ್ರಾಂತಿಯ ಮರುದಿನ ಅವನು ಜಗುಲಿಯ ಮೇಲೆ ಕೂತು ಕಡ್ಡಿ ಮುರಿದಂತೆ ಹೇಳಿದ.

“ಮೂರ ಹೊತ್ತೂ ಕಂಡವರ ಜೋಡಿ ಮಾತಾಡೂದ ಆತು. ಯುಗಾದಿ ಮಟಾ ನೋಡತೇನಿ. ಅಷ್ಟರಾಗ ಇದರಿಂದ ನೀ ಏನ ಮಾಡೀದಿ ಅಂತ ನಿನ್ನ ಹೆಸರಿರೋದು ಒಂದ ಕಾಗದ ತಂದ ತೋರ್ಸು. ಇಲ್ಲಂದ್ರ ಫೋನ ನನ್ನ ಕಿಸೇದಾಗ ಇರತೈತಿ.”

“ದಾರ ಬರತಾವಲ್ರಿ ಭಾವಾರ,” ಎಂದಳು ಫಕೀರವ್ವ.

“ಅದು ನಿಮ್ಮ ಅಕ್ಕಾರು ಕೊಟ್ಟ ಭಿಕ್ಷಾ. ನಿನ್ನ ಹೆಸರ ಎಲ್ಲೈತಿ ಅದರಾಗ?”

ಅವಳ ಹೆಸರು ಇಲ್ಲದ್ದು ನನ್ನ ಮೈಯಲ್ಲಿ. ತಪ್ಪು ನನ್ನದು. ಫೋನು ಹೋದರೆ ಅವಳ ಧ್ವನಿ ಹೋದಂತೆ, ಊರೂರುಗಳಲ್ಲಿ ಅವಳಿಗಾಗಿ ಕಾಯುವ ಹೆಂಗಸರು ಹೋದಂತೆ. ಅವತ್ತು ಅವಳು ಯಾವ ಪ್ರಶ್ನೆಗೂ ಉತ್ತರ ಕಳಿಸಲಿಲ್ಲ.

ಫೆಬ್ರವರಿಯ ಮೊದಲ ವಾರ ವಿನುತಾಳಿಂದ ಪ್ರೇಮಕ್ಕನ ಫೋನಿಗೆ ಒಂದು ಸಂದೇಶ ಬಂತು. ಹಳೆಯ ನಮೂನೆಯ ಲಿಂಕುಗಳನ್ನೆಲ್ಲ ಬದಲಾಯಿಸುತ್ತೇವೆ, ಹೊಸ ನಮೂನೆಯ ಲಿಂಕು ಅಂಗಡಿಯ ಯಾವ ಪುಟಕ್ಕೆ ಬೇಕಾದರೂ ನೇರ ಹೋಗುತ್ತದೆ, ಹಂಚುವ ಪ್ರತಿಯೊಬ್ಬರೂ ತಮ್ಮ ತಮ್ಮ ಗುರುತನ್ನು ಅದರ ತುದಿಗೆ ಸೇರಿಸಬಹುದು ಎಂದಿತ್ತು. ಅದರ ಜೊತೆಗೇ ಇನ್ನೊಂದು ಸುದ್ದಿ. ಧಾರವಾಡದಲ್ಲಿ ‘ಸೂಜಿದಾರ’ದ ಒಂದು ಅಂಗಡಿ ತೆರೆಯುತ್ತದೆ. ಕೆಳಗೆ ದಾರದ ಮಾರಾಟ, ಮೇಲೆ ಕಲಿಸುವ ಕೋಣೆ. ಅದನ್ನು ನಡೆಸುವವರು ಈ ಗುಂಪಿನವರೇ ಆಗಬೇಕು. ಒಂದು ತಿಂಗಳು ಹೊಸ ಲಿಂಕು ಓಡಲಿ, ಯಾರಿಂದ ಎಷ್ಟು ಜನ ಬಂದರೆಂದು ಪಟ್ಟಿ ಕಳಿಸುತ್ತೇವೆ, ಅದನ್ನು ನೋಡಿ ಪ್ರೇಮಕ್ಕನವರೇ ಒಂದು ಹೆಸರು ತಿಳಿಸಲಿ.

ಪ್ರೇಮಕ್ಕ ಆ ಸಂದೇಶವನ್ನು ಮೂರು ಸಲ ಓದಿದರು. “ಮೂವತ್ತೊಂದ ವರ್ಷ ಜಮಖಾನಿ ಹಾಸಿ ಹಾಸಿ ಮಣಕಾಲ ಹೋದ್ವು. ಬಾಗಲ ಮ್ಯಾಲೆ ಒಂದ ಬೋರ್ಡ ಇಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರಿಗೆ ಆ ಅಂಗಡಿ ಬೇಕಿತ್ತು. ಬೇಕೆನ್ನುವುದರಲ್ಲಿ ತಪ್ಪೂ ಇರಲಿಲ್ಲ. ಬಂದವರೆಲ್ಲ ತಮ್ಮ ಹೆಸರು ಕೇಳಿ ಬಂದವರೇ ಎಂದು ಅವರು ಮನಸಾರೆ ನಂಬಿದ್ದರು, ಹಾಗೆಂದು ಹೇಳಿದವನೂ ನಾನೇ ತಾನೇ.

ಬದಲಾವಣೆಯ ದಿನ ನನಗೆ ಜೀವ ಬಾಯಿಗೆ ಬಂದಿತ್ತು. ಸಾಯುತ್ತೇನೋ, ಹುಟ್ಟುತ್ತೇನೋ ತಿಳಿಯದು. ವಿನುತಾ ಏನೋ ಒತ್ತಿದಳು. ಒಂದು ಕ್ಷಣ ನಾನು ಎಲ್ಲಿಯೂ ಇರಲಿಲ್ಲ. ಮರುಕ್ಷಣ ಕಣ್ಣು ಬಿಟ್ಟರೆ ಮೈ ಉದ್ದವಾಗಿದೆ, ಹಿಂದೆ ಬಾಲ ಬಂದಿದೆ! ಮುಂಬಾಗಿಲಿಗೇ ಹೋಗಬೇಕೆಂಬ ಕಟ್ಟಳೆ ಹೋಯಿತು. ಕೆಂಪು ದಾರವೆಂದರೆ ಕೆಂಪು ದಾರದ ಕಪಾಟಿಗೇ ನೆಗೆಯಬಲ್ಲೆ. ಹಳೆಯ ಸಂದೇಶಗಳಲ್ಲಿ ಬಿದ್ದಿದ್ದ ನನ್ನ ಹಳೆಯ ಮೈಯನ್ನು ಯಾರಾದರೂ ಒತ್ತಿದರೂ ಅದು ಅವರನ್ನು ಹೊಸ ದಾರಿಗೇ ತಿರುಗಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಾಲದ ತುದಿಯಲ್ಲಿ ಒಂದು ಖಾಲಿ ಜಾಗವಿತ್ತು, ಹಂಚಿದವರ ಗುರುತಿಗೆಂದೇ ಬಿಟ್ಟ ಜಾಗ. ಫಕೀರವ್ವ, ಇನ್ನು ನಿನ್ನ ಹೆಸರು ನಾನು ಕೂಗಿ ಹೇಳುತ್ತೇನೆ ನೋಡು ಎಂದು ಕುಣಿದಾಡಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹನ್ನೊಂದು ಹೆಂಗಸರಿಗೂ ‘ನಿಮ್ಮ ಗುರುತು ಬರೆಯಿರಿ’ ಎಂಬ ಒಂದು ಚೌಕ ಹೋಯಿತು, ತಿಂಗಳ ಕೊನೆಗೆ ಪಟ್ಟಿ ಬರುತ್ತದೆಂಬ ಮಾತೂ ಹೋಯಿತು. ಸರೋಜಾ ಪಾಟೀಲ ಮೊದಲು ಬರೆದಳು, ‘ಪ್ರೇಮಕ್ಕ’. ಎರಡನೆಯವಳೂ ‘ಪ್ರೇಮಕ್ಕ’. ಮೂರನೆಯವಳೂ ಅದೇ. ಗುರುವಿನ ಹೆಸರಿರುವಲ್ಲಿ ತನ್ನ ಹೆಸರು ಹಾಕುವುದೆಂದರೆ ಸೆರಗಿನ ಮೂಲೆಯಲ್ಲಿ ಹೆಸರು ಹಾಕಿದಷ್ಟೇ ಉದ್ಧಟತನ ಎಂದು ಒಬ್ಬೊಬ್ಬರೂ ತಿಳಿದರು. ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ನಾನು ಫಕೀರವ್ವನ ಫೋನಿನಲ್ಲಿ ತುದಿಗಾಲ ಮೇಲೆ ನಿಂತಿದ್ದೆ. ಇವಳಿಗೆ ಕಾಗದ ಬೇಕು, ಇವಳಾದರೂ ಬರೆದಾಳು. ಅವಳ ಬೆರಳು ‘ಫ’ ಒತ್ತಿತು. ನಿಂತಿತು. ಒಲೆಯ ಕಡೆ ನೋಡಿದಳು, ಮತ್ತೆ ಪರದೆ ನೋಡಿದಳು, ‘ಫ’ ಅಳಿಸಿದಳು. ಆಮೇಲೆ ನಿಧಾನವಾಗಿ ‘ಪ್ರೇಮಕ್ಕ’ ಎಂದು ಬರೆದಳು. ಥೂ! ನನಗೆ ಬಾಯಿದ್ದಿದ್ದರೆ ಬೈದುಬಿಡುತ್ತಿದ್ದೆ.

ಮೂರನೆಯ ದಿನ ಅಂಗಡಿಯ ಕಂಪ್ಯೂಟರಿಗೆ ಅನುಮಾನ ಬಂತು. ಹನ್ನೆರಡು ಫೋನು, ಒಂದೇ ಗುರುತು. ಯಾರೋ ಒಬ್ಬರೇ ಮೋಸ ಮಾಡುತ್ತಿದ್ದಾರೆಂದು ತಿಳಿದು ನನ್ನನ್ನು ತಡೆಹಿಡಿಯಿತು. ಜನ ಒತ್ತಿದರೆ ಬರೀ ಬಿಳಿಯ ಪುಟ. ಓಡಿ ಓಡಿ ಬೆಳೆದ ಜೀವಕ್ಕೆ ಇದೆಂಥ ಶಿಕ್ಷೆ! ಫಕೀರವ್ವನಿಗೆ ಮೇಲಿಂದ ಮೇಲೆ ಸಂದೇಶಗಳು, “ಅಕ್ಕಾರ, ತೆರಿಯಾಕ ಒಲ್ಲದ್ರಿ”, “ಎಲ್ಲಾ ಬೆಳ್ಳಗ ಕಾಣತೈತ್ರಿ”.

ವಿನುತಾ ಪ್ರೇಮಕ್ಕನಿಗೆ ಫೋನು ಮಾಡಿದಳು. “ಅಕ್ಕಾರ, ಎಲ್ಲಾರೂ ನಿಮ್ಮ ಹೆಸರ ಹಾಕ್ಯಾರ್ರಿ! ಕಂಪ್ಯೂಟರ್ ಕಳ್ಳರು ಅಂತ ತಿಳದೈತಿ. ಶನಿವಾರ ಸಂಜಿ ಒಳಗ ಅವರವರ ಹೆಸರ ಹಾಕಸ್ರಿ, ಇಲ್ಲಂದ್ರ ಇಡೀ ಗುಂಪ ರದ್ದ ಆಗತೈತಿ.”

ಶನಿವಾರ ಪಡಸಾಲೆಯಲ್ಲಿ ಅವತ್ತು ಸೂಜಿ ಹೊರಗೆ ಬರಲಿಲ್ಲ. ಹನ್ನೊಂದು ಮಂದಿ ಫೋನು ಹಿಡಿದು ತಲೆ ತಗ್ಗಿಸಿ ಕೂತಿದ್ದರು.

“ಏನ ಬುದ್ಧಿಗೇಡಿಗೋಳವಾ ನೀವು! ನಿಮಗ ಅವ್ವ ಅಪ್ಪ ಹೆಸರ ಇಟ್ಟಿಲ್ಲೇನ?” ಎಂದು ಪ್ರೇಮಕ್ಕ ಗದರಿದರು.

“ನಿಮ್ಮ ಹೆಸರ ಬಿಟ್ಟ ನಮ್ಮ ಹೆಸರ ಹೆಂಗ ಹಾಕೂದ್ರಿ ಅಕ್ಕಾರ?” ಎಂದಳು ಸರೋಜಾ. “ನೀವ ಕಲಿಸೀರಿ.”

“ಅಡಗಿ ಕಲಿಸಿದಾಕಿ ನಿಮ್ಮವ್ವ. ನೀ ಮಾಡಿದ ಸಾರಿಗೆ ಉಪ್ಪ ಹೆಚ್ಚಾದ್ರ ಯಾರಿಗೆ ಬೈತಾರ? ಹಾಕ್ರಿ ಸುಮ್ನ.”

ಒಬ್ಬಳು ‘ಪ್ರೇಮಕ್ಕನ ಶಿಷ್ಯೆ’ ಎಂದು ಹಾಕಿದಳು. ಅವಳನ್ನು ನೋಡಿ ಇನ್ನಿಬ್ಬರು ಅದನ್ನೇ ಹಾಕಿದರು. ಪ್ರೇಮಕ್ಕ ಹಣೆ ಬಡಿದುಕೊಂಡು, ಒಬ್ಬೊಬ್ಬರ ಪಕ್ಕದಲ್ಲಿ ಕೂತು ಅಳಿಸಿ ಬರೆಸಿದರು. ಕೊನೆಗೆ ಉಳಿದವಳು ಫಕೀರವ್ವ. ಅವಳ ಬೆರಳು ಮತ್ತೆ ‘ಫ’ದ ಮೇಲೆಯೇ ನಿಂತಿತ್ತು. ಪ್ರೇಮಕ್ಕ ಫೋನು ಕಸಿದುಕೊಂಡು ತಾವೇ ‘ಫಕೀರವ್ವ’ ಎಂದು ಒತ್ತಿ ಕೈಗೆ ಕೊಟ್ಟರು. ನನ್ನ ಬಾಲಕ್ಕೆ ಆ ಹೆಸರು ಬಂದು ಕೂತಾಗ ನನಗಾದ ಸಂತೋಷ ಹೇಳತೀರದು. ಸಂಜೆ ಐದಕ್ಕೆ ತಡೆ ಬಿಟ್ಟಿತು, ನಾನು ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿದೆ.

ಆ ತಿಂಗಳು ಓಡಿದ್ದೇ ಓಡಿದ್ದು. ಫಕೀರವ್ವ ಉಪ್ಪುನೀರಿನ ಮಾತು ಹೇಳಿದರೆ ಕೆಂಪು ದಾರದ ಪುಟಕ್ಕೆ, ಎಳೆ ಎಣಿಸುವ ಮಾತು ಹೇಳಿದರೆ ಬಟ್ಟೆಯ ಪುಟಕ್ಕೆ. ಹೋದಲ್ಲೆಲ್ಲ ‘ಫಕೀರವ್ವ ಕಳಿಸಿದ್ದು, ಫಕೀರವ್ವ ಕಳಿಸಿದ್ದು’ ಎಂದು ಸಾರಿದೆ. ಮಾರ್ಚ್ ಮಧ್ಯದಲ್ಲಿ ಪಟ್ಟಿ ತಯಾರಾಯಿತು. ಒಟ್ಟು ಬಂದವರು ಇನ್ನೂರ ಹದಿನಾಲ್ಕು. ಅದರಲ್ಲಿ ಫಕೀರವ್ವನಿಂದ ನೂರ ಎಪ್ಪತ್ತೊಂದು. ಉಳಿದ ಹತ್ತು ಜನ ಸೇರಿ ಮೂವತ್ತನಾಲ್ಕು. ಪ್ರೇಮಕ್ಕನಿಂದ ಒಂಬತ್ತು.

ಪಟ್ಟಿ ಬಂದದ್ದು ಪ್ರೇಮಕ್ಕನ ಫೋನಿಗೆ ಮಾತ್ರ. ಅವರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಒಂಬತ್ತನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು, ಹಿಗ್ಗಿಸಿದರೂ ಅದು ಒಂಬತ್ತೇ. ಆಮೇಲೆ ಫೋನನ್ನು ಮಗುಚಿ, ಅಕ್ಕಿಯ ಡಬ್ಬಿಯ ಹಿಂದೆ ಇಟ್ಟುಬಿಟ್ಟರು. ಅವತ್ತು ಊಟ ಸೇರಲಿಲ್ಲ ಅವರಿಗೆ.

ಶನಿವಾರ ಫಕೀರವ್ವ ಬಂದಳು. ಎಲ್ಲರೂ ಎದ್ದು ಹೋಗುವವರೆಗೆ ಕಾದು ಮೆಲ್ಲಗೆ ಕೇಳಿದಳು, “ಅಕ್ಕಾರ, ಪಟ್ಟಿ ಬಂತೇನ್ರಿ?”

“ಇಲ್ಲವಾ. ಇನ್ನೂ ಬಂದಿಲ್ಲ.”

ಇಂಥ ಮಾತನ್ನು ಪ್ರೇಮಕ್ಕನ ಬಾಯಲ್ಲಿ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಪಟ್ಟಿ ಅದೇ ಫೋನಿನಲ್ಲಿತ್ತು, ನಾನಿದ್ದ ಜಾಗದ ಪಕ್ಕದಲ್ಲೇ! ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು. ಫಕೀರವ್ವ “ಹೌದೇನ್ರಿ” ಎಂದು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು.

ಆ ಮೇಲಿನ ದಿನಗಳಲ್ಲಿ ನಾವಿಬ್ಬರೂ ಒದ್ದಾಡಿದೆವು, ಫೋನಿನ ಒಳಗೆ ನಾನು, ಹೊರಗೆ ಪ್ರೇಮಕ್ಕ. ವಿನುತಾಳಿಗೆ ಕಳಿಸಬೇಕಾದ ಉತ್ತರದಲ್ಲಿ ‘ನಾನೇ ನಡೆಸುತ್ತೇನೆ’ ಎಂದು ಬರೆದರು, ಕಳಿಸಲಿಲ್ಲ, ಅಳಿಸಿದರು. ‘ಫಕೀರವ್ವ’ ಎಂದು ಬರೆದರು, ಅದನ್ನೂ ಅಳಿಸಿದರು. ಸೂಜಿಗೆ ದಾರ ಪೋಣಿಸಲಾಗದೆ ಸಿಡುಕಿದರು, ಹಾಲು ಉಕ್ಕಿಸಿದರು. ಒಮ್ಮೆಯಂತೂ, “ನಿನ್ನೆ ಮೊನ್ನೆ ಸೂಜಿ ಹಿಡದಾಕಿ!” ಎಂದು ಗೋಡೆಗೆ ಹೇಳಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಯುಗಾದಿಗೆ ನಾಲ್ಕು ದಿನವಿದ್ದಾಗ ಬೆಳಿಗ್ಗೆ ಎದ್ದವರೇ ಇಳಕಲ್ ಸೀರೆ ಉಟ್ಟರು. ಝೆರಾಕ್ಸ್ ಅಂಗಡಿಗೆ ಹೋಗಿ ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡರು. ಅಲ್ಲಿಂದ ಸೀದಾ ಹೆಬ್ಬಳ್ಳಿ ಬಸ್ಸು. ದಾರಿಯುದ್ದಕ್ಕೂ ಕಾಗದವನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದರು.

ಫಕೀರವ್ವನ ಮನೆಯ ಬಾಗಿಲು ತೆರೆದಿತ್ತು. ಜೋಳದ ಡಬ್ಬಿಯ ಮುಚ್ಚಳದ ಮೇಲಿಟ್ಟ ಫೋನನ್ನು ಒಂದು ಬೆರಳಿನಿಂದ ಒತ್ತಿ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಅವಳು ಮಾತಾಡುತ್ತಿದ್ದಳು. ಪ್ರೇಮಕ್ಕ ಹೊಸ್ತಿಲ ಹೊರಗೇ ನಿಂತರು.

“ಹಿಂಗ ಎಳಿ ಎಣಸೂದು ನಾ ಕಂಡಹಿಡದದ್ದಲ್ರಿ. ಮಾಳಮಡ್ಡಿ ಪ್ರೇಮಕ್ಕಾರು ನನ್ನ ಕೈ ಹಿಡದ ಕಲಿಸಿದ್ದು. ಅವರ ಮುಂದ ಬಟ್ಟಿ ಬೆನ್ನ ತೋರಸಾಕ ಈಗೂ ನನ್ನ ಎದಿ ಡವಡವ ಅಂತೈತ್ರಿ. ನೀವು ಎಂದರ ಧಾರವಾಡಕ್ಕ ಬಂದ್ರ ಅವರ ಕಡೆ ಹೋಗಿ ಒಂದ ದಿನ ಕುಂದ್ರಿ…” ಅಷ್ಟರಲ್ಲಿ ತಲೆ ಎತ್ತಿದಳು, ಬೆರಳು ಜಾರಿತು, ಮಾತು ಅರ್ಧಕ್ಕೇ ಗುಂಪಿಗೆ ಹೋಗಿಬಿಟ್ಟಿತು. “ಯವ್ವಾ, ಅಕ್ಕಾರ! ಬರ್ರಿ, ಒಳಗ ಬರ್ರಿ.”

ಪ್ರೇಮಕ್ಕ ಒಳಗೆ ಬಂದು ಕಂಬಳಿಯ ಮೇಲೆ ಕೂತರು. ಕೊಟ್ಟ ನೀರು ಕುಡಿಯಲಿಲ್ಲ.

“ಪಟ್ಟಿ ಬಂದ ಹತ್ತ ದಿನ ಆತು ಫಕೀರವ್ವ. ಬಂದಿಲ್ಲ ಅಂತ ನಿನ್ನ ಮಾರಿ ಮುಂದ ಸುಳ್ಳ ಹೇಳಿದೆ.”

“ಯಾಕ್ರಿ ಅಕ್ಕಾರ?”

“ಯಾಕಂದ್ರ? ಹೊಟ್ಟಿಕಿಚ್ಚ. ಮತ್ತೇನ.” ಕಾಗದವನ್ನು ಅವಳ ಮಡಿಲಿಗೆ ಇಟ್ಟರು. “ನನ್ನಿಂದ ಒಂಬತ್ತ ಮಂದಿ. ನಿನ್ನಿಂದ ನೂರಾ ಎಪ್ಪತ್ತೊಂದ. ಓದು.”

ಫಕೀರವ್ವ ಓದಲಿಲ್ಲ. ಅವಳ ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಹಿತ್ತಲಿನಿಂದ ಬಂದ ಯಲ್ಲಪ್ಪ ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದ. ತುಟಿ ಅಲ್ಲಾಡಿಸುತ್ತ ಹೆಸರು ಓದಿದ, ಸಂಖ್ಯೆ ಓದಿದ.

“ನೂರಾ ಎಪ್ಪತ್ತೊಂದ ಮಂದಿ ಇಕಿ ಮಾತ ಕೇಳ್ಯಾರ? ನಮ್ಮ ಮನ್ಯಾಗ ಒಬ್ಬರೂ ಕೇಳೂದಿಲ್ಲಲ್ರಿ!” ಎಂದ.

“ಅದು ನಿಮ್ಮ ಮನಿ ಚಾಳಿ ತಮ್ಮಾ,” ಎಂದರು ಪ್ರೇಮಕ್ಕ. “ಧಾರವಾಡದಾಗ ಅಂಗಡಿ ಆಗತೈತಿ. ಇಕಿ ನಡಸ್ತಾಳ. ಆ ಫೋನ ಇಕಿಗೆ ಬೇಕಾಗತೈತಿ.”

ಯಲ್ಲಪ್ಪ ತಲೆ ಕೆರೆದುಕೊಂಡ. ಕಾಗದವನ್ನು ಮಡಚಿ, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ.

“ಬ್ಯಾಡ್ರಿ ಅಕ್ಕಾರ, ಅಂಗಡಿಗೆ ನೀವ ಕುಂದ್ರಿ. ನಿಮ್ಮ ಮುಂದ ನಾ ಹೆಂಗ ಕುಂದರ್ಲಿ?” ಎಂದಳು ಫಕೀರವ್ವ.

“ನಾ ಮ್ಯಾಲಿನ ಕೋಣ್ಯಾಗ ಕಲಸಾಕ ಬರತೇನಿ. ಕೆಳಗ ನೀನ. ಬೋರ್ಡಿನ ಮ್ಯಾಲೆ ನನ್ನ ಹೆಸರ ಇಲ್ಲಂತ ಒಂದೆರಡ ದಿನ ಸಿಡಕತೇನಿ, ಆಮ್ಯಾಲೆ ಹೊಂದಕೊಳ್ತೇನಿ. ಅಷ್ಟ ತಡಕೋ.” ತಮ್ಮ ಫೋನು ತೆಗೆದರು. “ನನ್ನ ಕೆಂಪ ದಾರ ಮುಗದೈತಿ. ಲಿಂಕ ಕಳಸು.”

“ನಿಮ್ಮ ಕಡೆನ ಐತೆಲ್ರಿ ಲಿಂಕು?”

“ಅದು ನನ್ನ ಹೆಸರಿಂದು. ನನಗ ನಿನ್ನ ಹೆಸರಿಂದ ಬೇಕು. ಕಳಸವಾ.”

ಫಕೀರವ್ವ ನನ್ನನ್ನು ಕಳಿಸಿದಳು. ಎರಡು ಮಾರು ದೂರದ ಪ್ರಯಾಣ, ಆದರೆ ಅಷ್ಟು ತವಕದಿಂದ ನಾನು ಎಂದೂ ಹೋಗಿರಲಿಲ್ಲ. ಪ್ರೇಮಕ್ಕ ಕನ್ನಡಕ ಹಣೆಗೇರಿಸಿ, ಫೋನು ದೂರ ಹಿಡಿದು, ನನ್ನ ಮೇಲೆ ಬೆರಳಿಟ್ಟರು. ಕೆಂಪು ದಾರದ ಪುಟ ತೆರೆಯಿತು, ಎರಡು ಲಡಿ ತೆಗೆದುಕೊಂಡರು. ಆಮೇಲೆ ಅಲ್ಲೇ ಕೂತು ವಿನುತಾಳಿಗೆ ಒಂದೇ ಹೆಸರು ಬರೆದು ಕಳಿಸಿದರು, ಈ ಸಲ ಅಳಿಸಲಿಲ್ಲ.

ಇದೆಲ್ಲ ಆಗಿ ಆರು ವರ್ಷವಾಯಿತು. ಧಾರವಾಡದ ಅಂಗಡಿ ನಡೆಯುತ್ತಿದೆ. ಈಗ ಜನ ಅಂಗಡಿಗೇ ಬಂದು ದಾರ ಒಯ್ಯುತ್ತಾರೆ. ನನಗೆ ಕೆಲಸ ಕಡಿಮೆಯಾಗಿದೆ. ಹಳೆಯ ಸಂದೇಶಗಳ ರಾಶಿಯ ಅಡಿಯಲ್ಲಿ ಬಿದ್ದಿರುತ್ತೇನೆ, ಯಾರೋ ಅಪರೂಪಕ್ಕೆ ಒತ್ತಿದರೆ ಮೈ ಕೊಡವಿಕೊಂಡು ಏಳುತ್ತೇನೆ. ಕೂತಲ್ಲಿ ಕೂರುವುದು ಇನ್ನೂ ಅಭ್ಯಾಸವಾಗಿಲ್ಲ. ಸಾವಿರಾರು ಜನರನ್ನು ಅಂಗಡಿಗೆ ಮುಟ್ಟಿಸಿದ್ದೇನೆ, ಹೆಚ್ಚಿನವರ ನೆನಪು ನನಗಿಲ್ಲ.

ಆದರೆ ಹೆಬ್ಬಳ್ಳಿಯ ಆ ದಿನದ ಪ್ರಯಾಣ ಮರೆಯುವುದಿಲ್ಲ. ಅವತ್ತು ಸಂಜೆ ವಿನುತಾಳ ಪಟ್ಟಿಯಲ್ಲಿ ಫಕೀರವ್ವನ ಹೆಸರಿನ ಮುಂದಿನ ಸಂಖ್ಯೆಗೆ ಇನ್ನೂ ಒಂದು ಸೇರಿತು. ವಿನುತಾ ಅದನ್ನು ನೋಡಿದಳು, ಮುಂದಿನ ಸಾಲಿಗೆ ಹೋದಳು. ಕಳಿಸಿದವರ ಹೆಸರು ಹೇಳಲು ನನಗೆ ಜಾಗ ಕೊಟ್ಟಿದ್ದಾರೆ. ಬಂದವರು ಯಾರೆಂದು ಹೇಳಲು ಹೊಸ ನಮೂನೆಯಲ್ಲಿಯೂ ಜಾಗವಿಲ್ಲ.